ಅಡುಗೆಮನೆಯ ದ್ವಾರಪಾಲಕಿ

ಆಹಾರ ಸಂಶೋಧನೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ತಕ್ಕಡಿ, ಗಾಜಿನ ನಳಿಕೆ, ಅಂಕಿಗಳ ಉದ್ದನೆಯ ಪಟ್ಟಿ. ರಾಗಿಯಲ್ಲಿ ಸುಣ್ಣದ ಅಂಶವೆಷ್ಟೆಂಬುದನ್ನು ಪ್ರಯೋಗಶಾಲೆ ಹೇಳಬಲ್ಲುದು. ಮನೆಮಂದಿಯೆಲ್ಲ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಬಡಿಸಿಕೊಳ್ಳುವ ಗೃಹಿಣಿಗೆ ದಕ್ಕಿದ್ದೆಷ್ಟು, ಅಷ್ಟೇ ಏಕೆ ಎಂಬುದನ್ನು ಮಾತ್ರ ಅವಳ ಬಾಯಿಂದಲೇ ಕೇಳಬೇಕು. ಹೀಗೆ ಕೇಳಿ ತಿಳಿಯುವುದೂ ಒಂದು ಶಾಸ್ತ್ರ. ಪಂಡಿತರು ಅದನ್ನು ಗುಣಾತ್ಮಕ ಸಂಶೋಧನೆಯೆನ್ನುತ್ತಾರೆ. ಹೆಸರು ಕೊಂಚ ಭಾರವಾಯಿತು. ಕೆಲಸವೇನೋ ದೂರದಿಂದ ನೋಡುವವರಿಗೆ ಜಗುಲಿಯ ಹರಟೆಯಂತೆಯೇ ತೋರುವುದು.

ಈ ಶಾಸ್ತ್ರದ ಒಂದು ಹಳೆಯ ಪ್ರಸಂಗವನ್ನು ವಾಚಕರು ಕೇಳಬೇಕು. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಒಳ್ಳೆಯ ಮಾಂಸವೆಲ್ಲ ಸೈನ್ಯಕ್ಕೂ ಮಿತ್ರರಾಷ್ಟ್ರಗಳಿಗೂ ಹೋಗತೊಡಗಿ, ಮನೆಗಳಿಗೆ ಅಭಾವದ ಬಿಸಿ ತಟ್ಟಿತು. ಹೃದಯ, ಮೂತ್ರಪಿಂಡ ಮೊದಲಾದ ಒಳಾಂಗಗಳಲ್ಲಿ ಪುಷ್ಟಿ ಬೇಕಾದಷ್ಟಿದ್ದರೂ ಅವನ್ನು ಹೆಚ್ಚಿನ ಮನೆಗಳಲ್ಲಿ ಮುಟ್ಟುತ್ತಿರಲಿಲ್ಲ. (ಸಸ್ಯಾಹಾರಿಗಳು ಈ ಭಾಗವನ್ನು ದಯವಿಟ್ಟು ಸೈರಿಸಿಕೊಳ್ಳಬೇಕು.) ಜನರ ಆಹಾರದ ರೂಢಿಗಳನ್ನು ಪರಿಶೀಲಿಸಲೆಂದು ಒಂದು ಸಮಿತಿಯಿತ್ತು; ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅದರ ಕಾರ್ಯದರ್ಶಿನಿ. ಹಿಟ್ಲರನ ಆಳ್ವಿಕೆ ಆರಂಭವಾದ 1933ರಲ್ಲಿ ಜರ್ಮನಿಯನ್ನು ತೊರೆದು ಬಂದಿದ್ದ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಆಗ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದರು. ಈ ಸಮಸ್ಯೆಯನ್ನು ಅವರು ಕೈಗೆತ್ತಿಕೊಂಡರು.

ಲೆವಿನ್ ಮೊದಲು ಕೈಹಾಕಿದ್ದು ಉಪದೇಶಕ್ಕಲ್ಲ, ವಿಚಾರಣೆಗೆ. ಸಿರಿವಂತರು, ಮಧ್ಯಮ ವರ್ಗದವರು, ಬಡವರು, ಚೆಕ್ ಮೂಲದವರು, ಕರಿಯ ಜನಾಂಗದವರು ಹೀಗೆ ಬಗೆಬಗೆಯ ಮನೆಗಳ ಗೃಹಿಣಿಯರನ್ನು ಮಾತನಾಡಿಸಿದುದಾಯಿತು. ಅಂಗಡಿಯಿಂದಾಗಲಿ ಹಿತ್ತಿಲಿನಿಂದಾಗಲಿ ಆಹಾರವು ಊಟದ ಮೇಜಿಗೆ ಬರುವ ದಾರಿಗಳಲ್ಲೆಲ್ಲ ಒಂದೊಂದು ಬಾಗಿಲಿದೆ, ಆ ಬಾಗಿಲಲ್ಲಿ ಬಹುಮಟ್ಟಿಗೆ ನಿಂತಿರುವವಳು ಗೃಹಿಣಿ ಎಂದು ಅವರು ಕಂಡುಕೊಂಡರು. ಅವಳು ಒಳಗೆ ಬಿಡದುದು ತಟ್ಟೆಗೆ ಬಾರದು. ಹಾಗೆಂದು ಅವಳು ಸ್ವತಂತ್ರಳೂ ಅಲ್ಲ. ಗಂಡನ ನಾಲಗೆ, ಮಕ್ಕಳ ಹಟ, ಕೈಯಲ್ಲಿರುವ ಹಣ ಇವೆಲ್ಲ ಅವಳ ಬೆನ್ನ ಹಿಂದೆ ನಿಂತು ಅಪ್ಪಣೆಮಾಡುತ್ತಿರುತ್ತವೆ.

ಬಳಿಕ ಪ್ರಯೋಗ. ಕೆಲವು ಗುಂಪುಗಳಿಗೆ ಸೊಗಸಾದ ಉಪನ್ಯಾಸ: ಯುದ್ಧದ ಅಗತ್ಯ, ಜೀವಸತ್ತ್ವಗಳ ಲೆಕ್ಕ, ಅಡುಗೆಯ ವಿಧಾನ. ಉಳಿದ ಗುಂಪುಗಳಲ್ಲಿ ಹೆಂಗಸರೇ ಮಾತಿಗೆ ಕುಳಿತರು. ಬೇಯುವಾಗ ಬರುವ ವಾಸನೆ, ಗಂಡನ ಸಿಡುಕು ಎಲ್ಲವೂ ಹೊರಬಿದ್ದವು. ಕೊನೆಗೆ, ಬರುವ ವಾರ ಮಾಡಿ ನೋಡುವವರು ಕೈಯೆತ್ತಿರೆಂದು ಕೇಳಲಾಯಿತು. ಉಪನ್ಯಾಸ ಕೇಳಿದವರಲ್ಲಿ ಹಿಂದೆಂದೂ ಮಾಡದ ಆ ಅಡುಗೆಯನ್ನು ಮಾಡಿದವರು ನೂರಕ್ಕೆ 3. ಚರ್ಚಿಸಿದವರಲ್ಲಿ ನೂರಕ್ಕೆ 32.

ಇದನ್ನು ಚರ್ಚೆಯ ಮಹಿಮೆಯೆಂದು ಹಿಗ್ಗಬಾರದು. 1955ರಲ್ಲಿ ಈಡಿತ್ ಬೆನೆಟ್ ಎಂಬಾಕೆ ಪ್ರತ್ಯೇಕಿಸಿ ನೋಡಿದಾಗ, ಬರಿಯ ಚರ್ಚೆ ಉಪನ್ಯಾಸಕ್ಕಿಂತ ಮೇಲೆನಿಸಲಿಲ್ಲ. ನಿರ್ಧಾರಮಾಡುವುದು, ಸುತ್ತಲಿನವರೂ ಒಪ್ಪಿದ್ದಾರೆಂಬ ಅರಿವು, ಇವೆರಡೇ ಫಲಕೊಟ್ಟಿದ್ದುವು.

ದೇಹಶ್ರಮದ ವಿಷಯದಲ್ಲಿಯೂ ಪ್ರಶ್ನೆಯ ಮಾತು ಸರಿಯಿಲ್ಲದಿದ್ದರೆ ಉತ್ತರ ಸುಳ್ಳಾಗುತ್ತದೆ. ನೀರು ಹೊತ್ತು, ಹೊಲದಲ್ಲಿ ಕಳೆ ಕಿತ್ತು, ಸೌದೆ ತಂದವಳನ್ನು ‘ವ್ಯಾಯಾಮ ಮಾಡುತ್ತೀಯೇನಮ್ಮ?’ ಎಂದು ಕೇಳಿದರೆ, ‘ಅದಕ್ಕೆಲ್ಲ ಪುರಸತ್ತೆಲ್ಲಿ ಸ್ವಾಮಿ?’ ಎಂದಾಳು. ಕಾಗದದ ಮೇಲೆ ಅವಳು ಸೋಮಾರಿಯಾದಳು! ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯು ಕೆಲಸ, ಓಡಾಟ, ವಿರಾಮಕಾಲ ಇವುಗಳನ್ನು ಬೇರೆಬೇರೆಯಾಗಿ ಕೇಳಿ, ಮನೆಗೆಲಸವನ್ನೂ ಕೆಲಸದ ಲೆಕ್ಕಕ್ಕೆ ಸೇರಿಸಿಕೊಂಡಿರುವುದು ಸರಿಯಾಗಿಯೇ ಇದೆ.

ಕೇಳಿ ಬರೆದುಕೊಂಡುದು ಹೇಳಿದವಳಿಗೆ ಮರಳುವುದೇ? ಬಹಳ ಸಲ ಇಲ್ಲ. ವಿದ್ವಾಂಸರ ಪತ್ರಿಕೆಯಲ್ಲಿ ಪರಭಾಷೆಯಲ್ಲಿ ಅಚ್ಚಾಗಿ ಅದು ಕಪಾಟು ಸೇರುತ್ತದೆ. ಊರಿಗೆ ಮರಳಿದರೂ ಗೋಡೆಯ ಚಿತ್ರಪಟವಾಗಿ, ಎಂದರೆ ಉಪನ್ಯಾಸವಾಗಿ, ಬರುತ್ತದೆ. ವರದಿಯ ಕರಡನ್ನು ಅದೇ ಹೆಂಗಸರ ನಡುವೆ ಅವರದೇ ನುಡಿಯಲ್ಲಿ ಓದಿ ಹೇಳುವ ಸಂಶೋಧಕರೂ ಇದ್ದಾರೆ. ಆಗ ಒಬ್ಬಾಕೆ, ‘ಹಸಿವಿಲ್ಲವೆಂದು ನಾನು ಹೇಳಿದ್ದು ನಿಜ, ಅನ್ನ ಸಾಲದಾದ ದಿನ ಹಾಗೆಯೇ ಹೇಳುವುದು’ ಎಂದರೆ, ಆ ಪುಟವನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.