ಇ-ಸಿಮ್ಮೂ ತೊಗರ್ಸಿಯ ಗಿರಾಕಿಯೂ

ಸಿಮ್ ಕಾರ್ಡನ್ನು ಇಡುವ ಗೂಡೇ ಇಲ್ಲದ ಮೊಬೈಲುಗಳು ಮಾರುಕಟ್ಟೆಗೆ ಬಂದಿರುವ ಸಂಗತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಆಪಲ್ ಕಂಪೆನಿಯವರು 2022ರಲ್ಲಿ ಅಮೆರಿಕದ ಮಾರಾಟಕ್ಕೆಂದು ತಯಾರಿಸಿದ ಐಫೋನ್ 14ರಲ್ಲಿ ಆ ಗೂಡನ್ನು ತೆಗೆದುಹಾಕಿದರು. 2025ರಲ್ಲಿ ಹೊರಬಿದ್ದ ಐಫೋನ್ ಏರ್ ನಮ್ಮ ದೇಶಕ್ಕೂ ಗೂಡಿಲ್ಲದೆಯೇ ಬಂದಿತು. ಇಲ್ಲೆಲ್ಲ ಕಾರ್ಡಿನ ಸ್ಥಾನವನ್ನು ಆಕ್ರಮಿಸಿರುವುದು ಇ-ಸಿಮ್ ಎಂಬ ಹೊಸ ಏರ್ಪಾಡು. ಭಾರತ ಸರಕಾರದ ದೂರಸಂಪರ್ಕ ಇಲಾಖೆಯವರು 2018ರ ಮೇ ತಿಂಗಳಲ್ಲಿ ಇದಕ್ಕೆ ನಿಯಮಗಳನ್ನು ಗೊತ್ತುಮಾಡಿದರು. ಜಿಯೋ, ಏರ್‌ಟೆಲ್ ಕಂಪೆನಿಗಳವರು ಆ ವರುಷವೇ ಇದನ್ನು ಆರಂಭಿಸಿದರು; ಸರಕಾರಿ ಸ್ವಾಮ್ಯದ ಬಿ.ಎಸ್.ಎನ್.ಎಲ್. 2025ರಲ್ಲಿ ಈ ದಾರಿ ಹಿಡಿಯಿತು. ಇದು ಪಟ್ಟಣಿಗರ ವಿಲಾಸ, ಹಳ್ಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ಸೀಮೆಗೆ ಹತ್ತಿರವಾಗಿರುವ ತೊಗರ್ಸಿಯಂತಹ ಗ್ರಾಮಕ್ಕೂ ಇದು ನಾಳೆ ಬರತಕ್ಕದ್ದೇ. ಬರುವ ಮೊದಲೇ ಅದರ ಗುಣದೋಷಗಳನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲು ಸಿಮ್ಮಿನ ಕೆಲಸವೇನೆಂಬುದನ್ನು ತಿಳಿಯಬೇಕು. ನಮ್ಮ ಹತ್ತು ಅಂಕೆಯ ನಂಬರು ಸಿಮ್ಮಿನೊಳಗೆ ಕುಳಿತಿದೆಯೆಂದು ಬಹುಜನರ ತಿಳಿವಳಿಕೆ. ವಾಸ್ತವವಾಗಿ ನಂಬರಿರುವುದು ಕಂಪೆನಿಯವರ ದಫ್ತರದಲ್ಲಿ. ಸಿಮ್ಮಿನಲ್ಲಿ ಮುಖ್ಯವಾಗಿ ಇರುವುದು ಎರಡು: ಗಿರಾಕಿಯನ್ನು ಗುರುತಿಸುವ 15 ಅಂಕೆಗಳ ಒಂದು ಸಂಖ್ಯೆ, ಮತ್ತು ಒಂದು ಗುಪ್ತ ಕೀಲಿ. ಪಹಣಿಯಲ್ಲಿ ಸರ್ವೆ ನಂಬರಿನ ಎದುರಿಗೆ ಖಾತೆದಾರನ ಹೆಸರು ಬರೆದಿರುವಂತೆ, ಕಂಪೆನಿಯ ದಫ್ತರದಲ್ಲಿ ಈ ಸಂಖ್ಯೆಯ ಎದುರಿಗೆ ನಮ್ಮ ಮೊಬೈಲು ನಂಬರು ಬರೆದಿರುತ್ತದೆ. ಮೊಬೈಲನ್ನು ತೆರೆದೊಡನೆ ಕಂಪೆನಿಯ ಯಂತ್ರವು ಯಾವುದೋ ಒಂದು ಅಂಕಿಯನ್ನು ಕಳುಹಿಸಿ ಪ್ರಶ್ನೆ ಕೇಳುತ್ತದೆ. ಸಿಮ್ಮು ತನ್ನ ಗುಪ್ತ ಕೀಲಿಯಿಂದ ಲೆಕ್ಕಹಾಕಿ ಉತ್ತರ ಕೊಡುತ್ತದೆ. ಅದೇ ಕೀಲಿಯ ಪ್ರತಿ ಕಂಪೆನಿಯಲ್ಲಿಯೂ ಇರುವುದರಿಂದ ಅವರೂ ಲೆಕ್ಕಹಾಕಿ ತಾಳೆನೋಡುತ್ತಾರೆ. ಉತ್ತರ ಸರಿಯಾದರೆ ಪ್ರವೇಶ ದೊರೆಯುತ್ತದೆ. ಕೀಲಿಯು ಮಾತ್ರ ಎಂದಿಗೂ ಗಾಳಿಯಲ್ಲಿ ಸಂಚರಿಸುವುದಿಲ್ಲ. ಈ ವ್ಯವಸ್ಥೆಯ ಭದ್ರತೆಗೆ ಇದೇ ಆಧಾರ.

1991ರಲ್ಲಿ ಮೊದಲ ಸಿಮ್ಮುಗಳು ಹುಟ್ಟಿದಾಗ ಬ್ಯಾಂಕಿನ ಕಾರ್ಡಿನಷ್ಟು ಅಗಲವಾಗಿದ್ದವು. ಅವು ಕುಗ್ಗುತ್ತ ಬಂದು 2012ರ ಹೊತ್ತಿಗೆ 12.3 ಮಿಲಿಮೀಟರು ಉದ್ದ, 8.8 ಮಿಲಿಮೀಟರು ಅಗಲಕ್ಕೆ ಇಳಿದವು. ಇ-ಸಿಮ್ಮಿನಲ್ಲಿ ಕಾರ್ಡೇ ಹೋಗಿ, ಸುಮಾರು 6 ಮಿಲಿಮೀಟರು ಉದ್ದ, 5 ಮಿಲಿಮೀಟರು ಅಗಲದ ಚಿಪ್ಪೊಂದನ್ನು ಕಾರಖಾನೆಯಲ್ಲಿಯೇ ಫೋನಿನೊಳಗೆ ಬೆಸೆದುಬಿಡುತ್ತಾರೆ. ಆ ಚಿಪ್ಪಿಗೆ 32 ಅಂಕೆಗಳ ತನ್ನದೇ ಗುರುತುಂಟು. ಆದರೆ ಅದರಲ್ಲಿ ಯಾವ ಕಂಪೆನಿಯ ಕೀಲಿಯೂ ಮೊದಲಿಗೆ ಇರುವುದಿಲ್ಲ. ಗಿರಾಕಿಯು ಒಂದು ಕಂಪೆನಿಯನ್ನು ಆರಿಸಿದ ಮೇಲೆ, ಅವರು ಸಂಖ್ಯೆ, ಕೀಲಿ ಮೊದಲಾದವುಗಳನ್ನು ಒಂದು ಕಟ್ಟುಮಾಡಿ ತಮ್ಮ ಸರ್ವರಿನಲ್ಲಿ ಇಡುತ್ತಾರೆ. ಈ ಕಟ್ಟಿಗೆ ಪ್ರೊಫೈಲು ಎಂದು ಹೆಸರು. ಕ್ಯೂ.ಆರ್. ಕೋಡಿನ ಚೌಕವನ್ನು ಫೋನಿಗೆ ತೋರಿಸಿದರೆ ಅದು ಇಂಟರ್‌ನೆಟ್ಟಿನ ಮೂಲಕ ಆ ಸರ್ವರನ್ನು ಸೇರುತ್ತದೆ. ಚಿಪ್ಪೂ ಸರ್ವರೂ ಪರಸ್ಪರ ಪ್ರಮಾಣಪತ್ರಗಳನ್ನು ಪರೀಕ್ಷಿಸಿದ ತರುವಾಯ ಪ್ರೊಫೈಲು ಗೂಢಲಿಪಿಯಲ್ಲಿ ಇಳಿಯುತ್ತದೆ. ಆ ಚಿಪ್ಪಿನ ಹೊರತು ಬೇರೆ ಯಾರೂ, ಫೋನು ಸಹ, ಅದನ್ನು ಓದಲಾರದು.

ಇದರ ಪ್ರಯೋಜನಗಳು ಸ್ವಲ್ಪವಲ್ಲ. ಗೂಡಿಲ್ಲವಾದ್ದರಿಂದ ನೀರೂ ಧೂಳೂ ಹೊಗುವ ಒಂದು ಕಂಡಿ ಮುಚ್ಚುತ್ತದೆ. ಉಳಿದ ಜಾಗವು ಬ್ಯಾಟರಿಗೆ ಒದಗುತ್ತದೆ. ಕೈಗಡಿಯಾರದಷ್ಟು ಸಣ್ಣ ಯಂತ್ರಕ್ಕೂ ಸಂಪರ್ಕ ಕೊಡಬಹುದು. ಫೋನು ಕದ್ದವನು ಸಿಮ್ಮನ್ನು ಕಿತ್ತೆಸೆಯಲಾರನು. ವಿದೇಶಕ್ಕೆ ಹೋದವರು ಅಲ್ಲಿನ ಪ್ರೊಫೈಲನ್ನು ಇಳಿಸಿಕೊಂಡು ಊರಿನ ನಂಬರನ್ನೂ ಉಳಿಸಿಕೊಳ್ಳಬಹುದು. ಒಂದೇ ಚಿಪ್ಪಿನಲ್ಲಿ ಹಲವು ಪ್ರೊಫೈಲುಗಳನ್ನು ಇಟ್ಟು, ಬೇಕಾದುದನ್ನು ತೆರೆದು ಬೇಡವಾದುದನ್ನು ಮುಚ್ಚಬಹುದು.

ಇವುಗಳಲ್ಲಿ ಕಡೆಯದೇ ಮಲೆನಾಡಿನ ಅಂಚಿನ ಜನರಿಗೆ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ಗುಡ್ಡ ಕಾಡುಗಳ ಸೀಮೆಯಲ್ಲಿ ಒಂದು ಕಂಪೆನಿಯ ಸಿಗ್ನಲ್ಲು ಒಂದು ದಿನ್ನೆಯ ಆಚೆಗೆ ಸತ್ತುಹೋಗಿ, ಇನ್ನೊಂದರದು ಅಲ್ಲಿ ಜೀವ ಹಿಡಿಯುವುದುಂಟು. ಮನೆಯಲ್ಲಿ ಒಂದು, ತೋಟದಲ್ಲಿ ಒಂದು ಎಂದು ಎರಡು ಕಂಪೆನಿಗಳನ್ನು ನೆಚ್ಚುವ ಒಕ್ಕಲಿಗನಿಗೆ ಒಂದೇ ಫೋನಿನಲ್ಲಿ ಎರಡೂ ದೊರೆತರೆ ಅನುಕೂಲವೇ. ನಂಬರನ್ನು ಬಿಡದೆ ಕಂಪೆನಿಯನ್ನು ಬಿಡುವ ಹಕ್ಕು ಭಾರತದ ಗಿರಾಕಿಗಳಿಗೆಲ್ಲ 2011ರ ಜನವರಿ 20ರಂದು ದೊರೆಯಿತು. ಕರ್ನಾಟಕವೆಲ್ಲ ಒಂದೇ ಸರ್ಕಲ್ಲಾದ್ದರಿಂದ, ಇಲ್ಲಿ ಆ ಬದಲಾವಣೆಯು 3 ಕೆಲಸದ ದಿನಗಳಲ್ಲಿ ಮುಗಿಯಬೇಕೆಂದು 2019ರ ಡಿಸೆಂಬರಿನಿಂದ ನಿಯಮವಿದೆ. ಕಾರ್ಡಿಗಾಗಿ ಅಂಗಡಿಗೆ ಅಲೆಯುವ ಶ್ರಮವನ್ನು ತಪ್ಪಿಸಿ ಈ ಹಕ್ಕನ್ನು ಬಲಪಡಿಸುವ ಶಕ್ತಿ ಇ-ಸಿಮ್ಮಿಗೆ ಇದೆ.

ಆದರೆ ಈ ಶಕ್ತಿ ಎರಡು ಮುಖದ್ದು. ಇಂದು ತೊಗರ್ಸಿಯ ಗಿರಾಕಿಯ ಫೋನು ಕೆರೆಗೆ ಬಿದ್ದು ಕೆಟ್ಟಿತೆನ್ನೋಣ. ಅವನು ಕಾರ್ಡನ್ನು ಕಿತ್ತು, ಒರಸಿ, ನೆರೆಯವನ ಹಳೆಯ ಫೋನಿಗೆ ಹಾಕಿದರೆ ಆ ಗಳಿಗೆಗೇ ಅವನ ನಂಬರು ಮಾತಾಡುತ್ತದೆ. ಯಾರ ಅನುಮತಿಯೂ ಬೇಡ, ಇಂಟರ್‌ನೆಟ್ಟೂ ಬೇಡ. ಇ-ಸಿಮ್ಮಿನಲ್ಲಿ ಹಾಗಾಗದು. ಚಿಪ್ಪು ಕೆಟ್ಟ ಫೋನಿನೊಳಗೇ ಉಳಿಯುವುದು. ಹೊಸ ಪ್ರೊಫೈಲನ್ನು ಕಂಪೆನಿಯವರೇ ಕೊಡಬೇಕು. ಅದನ್ನು ಇಳಿಸಿಕೊಳ್ಳಲು ಇ-ಸಿಮ್ಮಿಗೆ ಅನುಕೂಲವುಳ್ಳ ಇನ್ನೊಂದು ಫೋನೂ ಇಂಟರ್‌ನೆಟ್ಟೂ ಬೇಕು. ಬಡವರು ಕೊಳ್ಳುವ ಅಗ್ಗದ ಫೋನುಗಳಲ್ಲಿ, ಒತ್ತುಗುಂಡಿಯ ಫೋನುಗಳಲ್ಲಿ ಆ ಅನುಕೂಲವಿರುವುದು ವಿರಳ. ಬ್ಯಾಂಕಿನ ಓ.ಟಿ.ಪಿ., ಆಧಾರಿನ ಓ.ಟಿ.ಪಿ., ಖಾತೆಗೆ ಹಣ ಬಿದ್ದ ಸಮಾಚಾರ ಇವೆಲ್ಲ ನಂಬರೊಂದನ್ನೇ ಹಿಡಿದು ಬರುತ್ತಿರುವ ಈ ಕಾಲದಲ್ಲಿ ನಾಲ್ಕು ದಿನ ನಂಬರಿಲ್ಲದಿರುವುದು ಸಾಮಾನ್ಯ ತೊಂದರೆಯಲ್ಲ.

ಮೋಸಗಾರರ ಕೈಗೂ ಇದು ಆಯುಧವಾಗಿದೆ. ಕಂಪೆನಿಯ ನೌಕರನೆಂದು ಹೇಳಿಕೊಂಡು ಕರೆಮಾಡಿ, ಗಿರಾಕಿಯಿಂದಲೇ ಕೋರಿಕೆಯ ಸಂದೇಶವನ್ನು ಕಳುಹಿಸಿಸಿ ಅಥವಾ ಒಪ್ಪಿಗೆ ಕೊಡಿಸಿ, ಅವನ ನಂಬರಿನ ಪ್ರೊಫೈಲನ್ನು ತಮ್ಮ ಫೋನಿಗೆ ಇಳಿಸಿಕೊಳ್ಳುವ ವಂಚನೆಗಳು ನಡೆದಿವೆ. ಆ ಕ್ಷಣದಲ್ಲಿ ಗಿರಾಕಿಯ ಫೋನು ಮೂಕವಾಗುತ್ತದೆ, ಬ್ಯಾಂಕಿನ ಓ.ಟಿ.ಪಿ. ಕಳ್ಳನ ಕೈ ಸೇರುತ್ತದೆ. ಇಲ್ಲಿ ಗೂಢಲಿಪಿ ಸೋತದ್ದಲ್ಲ. ಮನುಷ್ಯನ ನಂಬಿಕೆಯನ್ನು ಕದ್ದದ್ದು. ಸಿಮ್ಮನ್ನು ಕಳೆದುಕೊಂಡೋ ಕೆಡಿಸಿಕೊಂಡೋ ಬದಲಾಯಿಸಿದವರು 7 ದಿನಗಳವರೆಗೆ ಕಂಪೆನಿಯನ್ನು ಬದಲಿಸಲಾಗದೆಂಬ ನಿಯಮವನ್ನು ಟ್ರಾಯ್ ಸಂಸ್ಥೆಯವರು 2024ರ ಜುಲೈ 1ರಿಂದ ಜಾರಿಗೆ ತಂದಿರುವುದು ಇಂತಹ ವಂಚನೆಗಳನ್ನು ತಡೆಯುವುದಕ್ಕಾಗಿಯೇ. ಅಷ್ಟರಿಂದಲೇ ಸಾಲದು. ಫೋನು ಕಾರಣವಿಲ್ಲದೆ ಮೂಕವಾದರೆ ತಡಮಾಡದೆ ಬ್ಯಾಂಕಿಗೂ 1930 ನಂಬರಿಗೂ ತಿಳಿಸಬೇಕೆಂಬ ಅರಿವು ಮನೆಮನೆಗೆ ಮುಟ್ಟಬೇಕು.

ಪ್ರೊಫೈಲಿನ ಮೇಲೆ ಯಾರ ಅಧಿಕಾರವೆಂಬ ಪ್ರಶ್ನೆ ನಮ್ಮದೊಂದೇ ಕಲ್ಪನೆಯಲ್ಲ. ವಾಹನ, ಮೀಟರು ಮುಂತಾದ ಯಂತ್ರಗಳಲ್ಲಿ ಅಳವಡಿಸಿದ ಇ-ಸಿಮ್ಮುಗಳ ವಿಷಯದಲ್ಲಿ ಟ್ರಾಯ್ 2024ರ ಮಾರ್ಚಿ ತಿಂಗಳಲ್ಲಿ ಶಿಫಾರಸುಗಳನ್ನು ಮಾಡಿತು. ಹೊರದೇಶದ ಪ್ರೊಫೈಲಿನೊಡನೆ ಬಂದ ಯಂತ್ರಗಳು 6 ತಿಂಗಳೊಳಗೆ ಭಾರತೀಯ ಕಂಪೆನಿಯ ಪ್ರೊಫೈಲಿಗೆ ಬದಲಾಗಬೇಕೆಂಬುದು ಅವುಗಳಲ್ಲಿ ಒಂದು. ಯಂತ್ರಗಳ ವಿಷಯದಲ್ಲಿ ವಹಿಸಿದ ಈ ಎಚ್ಚರವನ್ನು ಮನುಷ್ಯರ ವಿಷಯದಲ್ಲಿಯೂ ವಹಿಸಬೇಕೆಂದೇ ನಮ್ಮ ಕೋರಿಕೆ.

ಪ್ರಪಂಚವು ಹೋದತ್ತ ಹೋಗಲೇಬೇಕು, ಹಳೆಯದಕ್ಕೆ ಜೋತುಬೀಳುವುದು ಹಿಂದುಳಿದವರ ಲಕ್ಷಣವೆಂದು ಕೆಲವರು ಆಕ್ಷೇಪಿಸಬಹುದು. ನಾವು ಇ-ಸಿಮ್ಮನ್ನು ಬೇಡವೆನ್ನುತ್ತಿಲ್ಲ. ಅದು ಬರಲಿ, ಆದರೆ ಕಾರ್ಡು ಕೈಯಲ್ಲಿದ್ದಾಗ ಗಿರಾಕಿಗಿದ್ದ ಸ್ವಾತಂತ್ರ್ಯವನ್ನು ಕಡಿಮೆ ಮಾಡದೆ ಬರಲಿ. ಅದಕ್ಕಾಗಿ ಮೂರು ಸಂಗತಿಗಳು ಅಗತ್ಯವೆಂದು ನಮಗೆ ತೋರುತ್ತದೆ. ಒಂದನೆಯದಾಗಿ, ಅಗ್ಗದ ಫೋನುಗಳಲ್ಲಿಯೂ ಇ-ಸಿಮ್ಮು ಸಾಮಾನ್ಯವಾಗುವವರೆಗೆ, ಬೇಕೆಂದವರಿಗೆ ಯಾವ ಕಂಪೆನಿಯವರೂ ಕಾರ್ಡನ್ನು ನಿರಾಕರಿಸಕೂಡದು. ಇ-ಸಿಮ್ಮಿನಿಂದ ಕಾರ್ಡಿಗೆ ಮರಳುವ ಬಾಗಿಲೂ ತೆರೆದಿರಬೇಕು. ಎರಡನೆಯದಾಗಿ, ಫೋನು ಕೆಟ್ಟವನಿಗೆ ಅದೇ ದಿನ ಗುರುತನ್ನು ಪರೀಕ್ಷಿಸಿ, ಅಲ್ಲಿಯೇ ಇಂಟರ್‌ನೆಟ್ಟನ್ನೂ ಒದಗಿಸಿ ಪ್ರೊಫೈಲನ್ನು ಹೊಸದಾಗಿ ಇಳಿಸಿಕೊಡುವ ಜನರು ಶಿರಾಳಕೊಪ್ಪ, ಶಿಕಾರಿಪುರ, ಸೊರಬಗಳಂತಹ ಊರುಗಳಲ್ಲಿ ಇರಬೇಕು. ಬೆಂಗಳೂರಿನ ಯಾವುದೋ ಯಂತ್ರದ ಧ್ವನಿಯು 1 ಒತ್ತಿ, 2 ಒತ್ತಿ ಎಂದರೆ ಈ ಕೆಲಸವಾಗುವುದಿಲ್ಲ. ಮೂರನೆಯದಾಗಿ, ಪ್ರೊಫೈಲನ್ನು ಬದಲಾಯಿಸುವ ಕೋರಿಕೆ ಬಂದಾಗ ಗಿರಾಕಿಗೆ ಹೋಗುವ ಎಚ್ಚರಿಕೆಯು ಅವನು ಓದಬಲ್ಲ ಕನ್ನಡದಲ್ಲಿರಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳು ತಯಾರಾಗುತ್ತಿರುವ ನಾಡಿನಲ್ಲಿ ಎರಡು ಸಾಲು ಕನ್ನಡವು ಕಂಪೆನಿಗಳಿಗೆ ಭಾರವಾಗಲಾರದು.

ನಂಬರು ಈಗ ಬರಿಯ ಮಾತುಕತೆಯ ಸಾಧನವಾಗಿ ಉಳಿದಿಲ್ಲ. ಬಡವನ ಬ್ಯಾಂಕಿನ ಬಾಗಿಲೂ ಸರಕಾರದ ಬಾಗಿಲೂ ಅದರಿಂದಲೇ ತೆರೆಯಬೇಕಾಗಿದೆ. ಅದರ ಕೀಲಿಯು ಕಣ್ಣಿಗೆ ಕಾಣದಂತಾಗುವ ಮೊದಲು ದೂರಸಂಪರ್ಕ ಇಲಾಖೆಯವರೂ ಟ್ರಾಯ್ ಸಂಸ್ಥೆಯವರೂ ಈ ಮೂರು ಸಂಗತಿಗಳನ್ನು ನಿಯಮವಾಗಿ ವಿಧಿಸುವರೆಂದು ನಾವು ನಿರೀಕ್ಷಿಸುತ್ತೇವೆ. ನಮ್ಮ ಭಾಗದ ಲೋಕಸಭಾ ಸದಸ್ಯರೂ ವಿಧಾನಸಭಾ ಸದಸ್ಯರೂ ಗ್ರಾಮ ಪಂಚಾಯತಿಗಳವರೂ ಇದನ್ನು ಕೇಳಿ ಪಡೆಯುವುದರಲ್ಲಿ ಹಿಂಜರಿಯಬಾರದು.