ಹಳೇ ಡಬ್ಬದಲ್ಲಿ ಮಾರಿಯೋ ಇನ್ನೂ ಓಡ್ತಾನಾ?

ಗೆಳೆಯರೇ, ಈ ವಾರದ ನಮ್ಮ ಹೀರೋ ಗಾಂಧಿನಗರದವನಲ್ಲ. ಆಳು ಕುಳ್ಳ. ದಪ್ಪ ಮೀಸೆ, ಕೆಂಪು ಟೋಪಿ, ಕಸುಬು ಕೊಳಾಯಿ ರಿಪೇರಿ! ಡೈಲಾಗ್ ಒಂದೂ ಇಲ್ಲ, ಡ್ಯೂಯೆಟ್ ಮೊದಲೇ ಇಲ್ಲ. ಆದರೂ 1985ರಿಂದ ಎಡದಿಂದ ಬಲಕ್ಕೆ ಓಡುತ್ತಲೇ ಇದ್ದಾನೆ. ಹೌದು, ಮಾರಿಯೋ ವಿಷಯವೇ.

ಕಾರಣ, ದಾವಣಗೆರೆ ಕಡೆಯ ಓದುಗ ಮಿತ್ರರೊಬ್ಬರ ಕಾಗದ. ‘ಸಾರ್, ಅಣ್ಣನ ಕಾಲದ ಟಿವಿ ಗೇಮು ಅಟ್ಟದ ಮೇಲಿತ್ತು. ಇಳಿಸಿ, ಧೂಳು ಕೊಡವಿ, ಮನೆಯ ಹೊಸ ಎಲ್‌ಇಡಿ ಟಿವಿಗೆ ಸಿಕ್ಕಿಸಿದೆ. ನಾನು ಬಟನ್ ಒತ್ತಿದ ಮೇಲೆ ಮಾರಿಯೋ ಸ್ವಲ್ಪ ಯೋಚನೆ ಮಾಡಿ ಹಾರ್ತಾನೆ. ಗನ್ನಿನಲ್ಲಿ ಎಷ್ಟು ಹೊಡೆದರೂ ಬಾತುಕೋಳಿ ಒಂದೂ ಬೀಳಲಿಲ್ಲ. ಗೆಳೆಯರು ನಕ್ಕರು. ಅಣ್ಣ ಇದನ್ನೇ ಸ್ವರ್ಗ ಅಂತಿದ್ದನಲ್ಲ, ಸುಳ್ಳಾ? ಇದನ್ನೂ ಮೂಲೆಯ ಹಳೇ ಡಬ್ಬಾ ಟಿವಿಯನ್ನೂ ಸೇರಿಸಿ ಗುಜರಿಗೆ ಹಾಕಲಾ?’

ತಡೀರಿ ಸ್ವಾಮಿ! ಗುಜರಿಯವನನ್ನು ಗೇಟಿನ ಹೊರಗೇ ನಿಲ್ಲಿಸಿ. ನಿಮ್ಮ ಅಣ್ಣ ಸುಳ್ಳು ಹೇಳಿಲ್ಲ. ನೀವು ಒಳ್ಳೇ ಚಿತ್ರವನ್ನು ಕೆಟ್ಟ ಟಾಕೀಸಿನಲ್ಲಿ ನೋಡಿದ್ದೀರಿ, ಅಷ್ಟೇ.

ಮೊದಲು ಆ ಡಬ್ಬದ ಜಾತಕ. 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಬಿಡುಗಡೆ ಮಾಡಿತು. ಬೆಲೆ 14,800 ಯೆನ್. ಯಂತ್ರದ ಶಿಲ್ಪಿ ಮಸಾಯುಕಿ ಉಎಮುರಾ. ಅಮೆರಿಕಕ್ಕೆ ಅದು 1985ರಲ್ಲಿ ‘ಎನ್‌ಇಎಸ್’ ಎಂಬ ಹೆಸರಲ್ಲಿ ಹೋಯಿತು. ಎಲ್ಲ ಸೇರಿ ಮಾರಾಟವಾದದ್ದು 6 ಕೋಟಿಗೂ ಮೇಲೆ. 2003ರವರೆಗೂ ಜಪಾನಿನಲ್ಲಿ ತಯಾರಾಗುತ್ತಿತ್ತು. ಇಪ್ಪತ್ತು ವರ್ಷದ ರನ್ನಿಂಗ್ ಅಂದ್ರೆ ಸುಮ್ನೇನಾ?

ನಮ್ಮ ಕಡೆಯ ಹುಡುಗರು ಆಡಿದ್ದು ಬಹುತೇಕ ಅದರ ನಕಲು. ತೈವಾನ್, ಚೀನಾ ಕಡೆಯಿಂದ ಬಂದದ್ದು. ಒಂದರ ಹೆಸರೇ ‘ಟರ್ಮಿನೇಟರ್’! ಹೆಸರು ಆರ್ನಾಲ್ಡ್ ಚಿತ್ರದ್ದು, ಒಳಗಿನ ಆತ್ಮ ನಿಂಟೆಂಡೊದ್ದು. ಆಟದ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಅಂತ ಬರೆದಿರೋದು. ಹಾಕಿ ನೋಡಿದರೆ ಅದೇ ಹತ್ತಿಪ್ಪತ್ತು ಆಟ, ಬೇರೆ ಬೇರೆ ಘಟ್ಟದಿಂದ ಶುರು ಮಾಡಿ ಪಟ್ಟಿ ಉದ್ದ ಮಾಡಿರೋದು. ಒಬ್ಬನೇ ನಟ ಹತ್ತು ವೇಷದಲ್ಲಿ ಬಂದ ಹಾಗೆ. ಆದರೂ ಆಟ ಮಾತ್ರ ಅಸಲಿಯದೇ ಪ್ರತಿ. ಹಾಗಾಗಿ ನಮ್ಮ ಪ್ರಶ್ನೆಗೆ ನಕಲಾದರೇನು, ಅಸಲಾದರೇನು.

ಈಗ ಆ ಡಬ್ಬದ ಬಡತನ ಕೇಳಿ. ಕೆಲಸ ಮಾಡೋಕೆ ಅದರೊಳಗಿದ್ದ ನೆನಪಿನ ಶಕ್ತಿ ಬರೀ 2 ಕಿಲೋಬೈಟ್. ‘ಸೂಪರ್ ಮಾರಿಯೋ ಬ್ರದರ್ಸ್’ ಆಟ ಇಡಿಯಾಗಿ 40 ಕಿಲೋಬೈಟ್. ಇವತ್ತು ನಿಮ್ಮ ಮೊಬೈಲಿನ 4 ಎಂಬಿ ಫೋಟೋ ಒಂದರ ಜಾಗದಲ್ಲಿ ನೂರು ಮಾರಿಯೋ ಹಿಡಿಸಬಹುದು! ಜಾಗ ಸಾಲದೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಬಿಳಿ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ನಂಬಿಕೆ ಇಲ್ಲದಿದ್ದರೆ ಇವತ್ತು ರಾತ್ರಿ ಪರೀಕ್ಷೆ ಮಾಡಿ.

ಇಷ್ಟು ಬಡತನದಲ್ಲಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ದುಡ್ಡು ಸುರಿದದ್ದು ಎಲ್ಲಿಗೆ ಗೊತ್ತೇ? ಹಾರುವ ಒಂದು ಬಟನ್ನಿಗೆ. ಮುಟ್ಟಿ ಬಿಟ್ಟರೆ ಮಾರಿಯೋ ಗೇಣುದ್ದ ಹಾರ್ತಾನೆ, ಒತ್ತಿ ಹಿಡಿದರೆ ಎತ್ತರಕ್ಕೆ. ಓಡಿ ಬಂದು ಹಾರಿದರೆ ದೂರಕ್ಕೆ. ಗಾಳಿಯಲ್ಲಿದ್ದಾಗಲೇ ಸ್ವಲ್ಪ ಹಿಂದೆ ಮುಂದೆ ತಿರುಗಿಸಬಹುದು. ಓಡುತ್ತಾ ಹಿಂದಕ್ಕೆ ತಿರುಗಿಸಿದರೆ ಜಾರಿ ನಿಲ್ತಾನೆ. ಮೊದಲ ಘಟ್ಟದಲ್ಲಿ ಒಂದಕ್ಷರದ ಪಾಠ ಇಲ್ಲ. ಎದುರಿಗೆ ಒಂದು ಅಣಬೆ ಮುಖದ ಶತ್ರು ಬರ್ತಾನೆ, ಹಾರಬೇಕು ಅಂತ ತಾನಾಗಿ ಗೊತ್ತಾಗುತ್ತೆ. ಇದು ಕಣ್ಣಿನ ಆಟವಲ್ಲ, ಹೆಬ್ಬೆರಳಿನ ಆಟ. ಕಣ್ಣು ಬೇಗ ಹಳತಾಗುತ್ತೆ, ಹೊಸ ಹೊಸದು ಕೇಳುತ್ತೆ. ಹೆಬ್ಬೆರಳು ಹಾಗಲ್ಲ ಕಣ್ರೀ.

ಆದರೆ ಹೆಬ್ಬೆರಳು ಒತ್ತಿದ ಕ್ಷಣವೇ ಆಳು ಹಾರಬೇಕಲ್ಲ? ನಿಮ್ಮ ಹೊಸ ಟಿವಿ ಕೆಡಿಸಿದ್ದು ಇಲ್ಲೇ.

ಕಾಗದ ಬಂದ ಮೇಲೆ ನಾನೂ ಸುಮ್ಮನೆ ಕೂರಲಿಲ್ಲ. ನಮ್ಮ ಬೀದಿಯ ಟಿವಿ ಮೆಕ್ಯಾನಿಕ್ ಅಂಗಡಿಯಲ್ಲಿ 21 ಇಂಚಿನ ಟ್ಯೂಬ್ ಟಿವಿ ಒಂದು ಇನ್ನೂ ಉಸಿರಾಡುತ್ತಿತ್ತು. ಪಕ್ಕದಲ್ಲೇ ರಿಪೇರಿಗೆ ಬಂದ ಎಲ್‌ಇಡಿ. ಡಬ್ಬ ಒಂದೇ, ಕ್ಯಾಸೆಟ್ ಒಂದೇ. ಮೊದಲು ಎಲ್‌ಇಡಿಗೆ ಹಾಕಿದೆವು. ಮೂರನೇ ಹಳ್ಳಕ್ಕೇ ನಾನು ಢಮಾರ್! ವೈರ್ ಕಿತ್ತು ಟ್ಯೂಬಿಗೆ ಹಾಕಿದೆವು. ಅದೇ ಕೈ, ಅದೇ ಹಳ್ಳ, ಸಲೀಸಾಗಿ ದಾಟಿದೆ. ಕಟ್ಟೆ ಮೇಲೆ ಕೂತಿದ್ದ ಅಂಗಡಿ ಹುಡುಗ ‘ಸಾರ್ ಇದ್ರಲ್ಲಿ ಅವನು ಮಾತು ಕೇಳ್ತಾನೆ’ ಅಂದ. ನಾನು ಎರಡು ಪುಟ ಬರೆದರೂ ಅಷ್ಟು ಚೆನ್ನಾಗಿ ಹೇಳಲಾರೆ.

ಯಾಕೆ ಹೀಗೆ? ಟ್ಯೂಬ್ ಟಿವಿಗೆ ಸ್ವಂತ ಬುದ್ಧಿ ಇಲ್ಲ. ವೈರಿನಲ್ಲಿ ಬಂದದ್ದನ್ನು ಬಂದ ಹಾಗೆ, ಗೆರೆ ಗೆರೆಯಾಗಿ, ಅದೇ ಗಳಿಗೆಯಲ್ಲಿ ಗಾಜಿನ ಮೇಲೆ ಬಿಡಿಸುತ್ತೆ. ಹೊಸ ಟಿವಿ ಬುದ್ಧಿವಂತ. ಬಂದ ಚಿತ್ರವನ್ನು ಒಳಗೆ ಹಿಡಿದಿಟ್ಟುಕೊಂಡು, ಹಿಗ್ಗಿಸಿ, ತೊಳೆದು, ಮೇಕಪ್ ಮಾಡಿ, ಆಮೇಲೆ ಹೊರಗೆ ಕಳಿಸುತ್ತೆ. ಆ ಮೇಕಪ್ಪಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಕೆಟ್ಟಿತು. ಜಪಾನಿನ ಡಬ್ಬ ಸೆಕೆಂಡಿಗೆ 60 ಚಿತ್ರ ಕೊಡುತ್ತೆ, ಪಾಲ್ ಪದ್ಧತಿಯ ಟಿವಿಗೆಂದು ಮಾಡಿದ ಡಬ್ಬ 50. ಅಂದರೆ ನೀವು ನೋಡ್ತಿರೋದು ಐದಾರು ಚಿತ್ರದಷ್ಟು ಹಳೇ ಸುದ್ದಿ. ಟಾಕೀಸಿನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆದಾಗ ನೀವು ಪ್ರೊಜೆಕ್ಟರ್ ರೂಮಿನ ಕಡೆ ತಿರುಗಿ ಕೂಗ್ತೀರೋ, ಹೀರೋಗೆ ಬೈತೀರೋ? ಟಿವಿಯ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಅಂತ ಇದ್ದರೆ ಹಾಕಿ ನೋಡಿ. ಮೇಕಪ್ ಕಡಿಮೆಯಾಗಿ ಸ್ವಲ್ಪ ವಾಸಿ ಆಗುತ್ತೆ.

ಬಾತುಕೋಳಿಯ ಕತೆ ಇನ್ನೂ ದಾರುಣ. ‘ಡಕ್ ಹಂಟ್’ ಗನ್ನಿನಿಂದ ಏನೂ ಹೊರಗೆ ಹಾರೋದಿಲ್ಲ, ಅದರೊಳಗಿರೋದು ಬೆಳಕನ್ನು ನೋಡುವ ಒಂದು ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ರೆಪ್ಪೆ ಮಿಟುಕುವಷ್ಟು ಹೊತ್ತು ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮಿಂಚುತ್ತೆ. ಗನ್ನಿನ ಕಣ್ಣಿಗೆ ಆ ಬಿಳಿ ಕಂಡರೆ ಕೋಳಿ ಬಿತ್ತು. ಟ್ಯೂಬಿನಲ್ಲಿ ಅದು ಆ ಕ್ಷಣಕ್ಕೇ ಮಿಂಚುತ್ತೆ. ಹೊಸ ಟಿವಿಯಲ್ಲಿ ಬಿಳಿ ಚೌಕ ಬರೋ ಹೊತ್ತಿಗೆ ಡಬ್ಬ ‘ಗುರಿ ತಪ್ಪಿತು’ ಅಂತ ತೀರ್ಪು ಕೊಟ್ಟಾಗಿರುತ್ತೆ. ಆ ನಾಯಿ ಪೊದೆಯಿಂದೆದ್ದು ಹಲ್ಲು ಕಿರಿಯುತ್ತೆ. ನೀವು ಅರ್ಜುನನೇ ಆಗಿದ್ದರೂ ಅಷ್ಟೇ! ಆ ಗನ್ನಿಗೆ ಟ್ಯೂಬ್ ಟಿವಿ ಇಲ್ಲದೆ ಜೀವವಿಲ್ಲ. ಅದಕ್ಕೇ ಗುಜರಿಯವನನ್ನು ತಡೀರಿ ಅಂದದ್ದು. ಡಬ್ಬ ಮತ್ತೆ ಸಿಕ್ಕೀತು, ಟ್ಯೂಬ್ ಸಿಗೋದು ಕಷ್ಟ.

ಚಿತ್ರದ ಅಂದಕ್ಕೂ ಇದೇ ಮಾತು. ಆ ಕಾಲದ ಕಲಾವಿದರು ಬಣ್ಣ ಹಾಕಿದ್ದು ಟ್ಯೂಬಿನಲ್ಲಿ ಅಂಚು ಕರಗುತ್ತೆ ಅಂತ ತಿಳಿದೇ. 1991ರ ‘ಸೋನಿಕ್’ ಆಟದ ಜಲಪಾತ ನೋಡಿ. ಬಿಡಿಸಿರೋದು ಸಾಲು ಸಾಲು ಗೆರೆ. ಹಳೇ ವೈರು, ಹಳೇ ಟ್ಯೂಬಿನಲ್ಲಿ ಗೆರೆಗಳು ಬೆರೆತು ಆಚೆ ಬದಿ ಕಾಣುವ ನೀರಾಗುತ್ತೆ. ಹೊಸ ಟಿವಿಯಲ್ಲಿ ಕಿಟಕಿಯ ಸರಳು! ಕಪ್ಪು ಬಿಳುಪಿನ ಮೇಕಪ್ಪನ್ನು ಬಿಸಿಲಿಗೆ ತಂದು ನಿಲ್ಲಿಸಿದ ಹಾಗೆ. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಳಿದು ತಂದರಲ್ಲ, ನನಗಂತೂ ಅಣ್ಣಾವ್ರ ಆ ಮುಖದ ನೆರಳು ಬೆಳಕೇ ಹೆಚ್ಚು. ನಿಮಗೆ ಬಣ್ಣದ್ದೇ ಇಷ್ಟವೆನ್ನಿ, ಜಗಳವಿಲ್ಲ.

ಹಾಗಂತ ಹಳೇದೆಲ್ಲಾ ಬಂಗಾರ ಅಂತ ನಾನು ಹೇಳೋದಿಲ್ಲ. 1982ರಲ್ಲಿ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಚಿತ್ರ ಲೋಕವನ್ನೇ ಅಳಿಸಿತು. ಕ್ರಿಸ್‌ಮಸ್ಸಿಗೆ ಅದರ ಆಟ ಬರಲೇಬೇಕು ಅಂತ ಅಟಾರಿ ಕಂಪನಿ ಹಟ ಹಿಡಿಯಿತು. ಹೋವರ್ಡ್ ಸ್ಕಾಟ್ ವಾರ್ಷಾ ಎಂಬಾತನಿಗೆ ಸಿಕ್ಕಿದ್ದು ಸುಮಾರು ಐದೇ ವಾರ. ಆಟವೆಂದರೆ ಗುಂಡಿಗೆ ಬೀಳೋದು, ಏಳೋದು, ಮತ್ತೆ ಬೀಳೋದು! ಉಳಿದ ಸರಕನ್ನು 1983ರಲ್ಲಿ ಬೇರೆ ಕ್ಯಾಸೆಟ್ಟುಗಳ ಜೊತೆ ನ್ಯೂ ಮೆಕ್ಸಿಕೋದ ಆಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದು ತೆಗೆದರು, ನಿಜವೇ ಇತ್ತು. ಅದನ್ನು ಯಾವ ಟಿವಿಗೆ ಹಾಕಿದರೂ ಓಡದು. ಆವತ್ತೇ ಓಡಲಿಲ್ಲವಲ್ಲ.

ಇನ್ನೊಂದು ಜಾತಿ ಇದೆ, ಆವತ್ತು ಶಿಳ್ಳೆ ಹೊಡೆಸಿಕೊಂಡು ಇವತ್ತು ಕುಂಟುವಂಥದ್ದು. 1994ರ ಡಿಸೆಂಬರಿನಲ್ಲಿ ಸೋನಿಯ ಮೊದಲ ಪ್ಲೇಸ್ಟೇಷನ್ ಬಂದಾಗ ‘ಮೂರು ಆಯಾಮ’ ಅಂತ ಎಲ್ಲರೂ ಬಾಯಿ ಬಿಟ್ಟರು. ಈಗ ನೋಡಿದರೆ ಗೋಡೆ, ನೆಲ ಎಲ್ಲಾ ನೀರಲ್ಲಿ ಕಂಡ ಹಾಗೆ ನಡುಗುತ್ತೆ. ಮೂಲೆಗಳ ಲೆಕ್ಕವನ್ನು ಆ ಯಂತ್ರ ನುಣ್ಣಗೆ ಹಾಕಲಾರದು. ಬಾಂಡ್ ಅಭಿಮಾನಿಗಳು ಸಿಟ್ಟಾಗಬೇಡಿ, ನಿಂಟೆಂಡೊ 64ರಲ್ಲಿ 1997ರಲ್ಲಿ ಬಂದ ‘ಗೋಲ್ಡನ್‌ಐ 007’ ಕೂಡ ಇದೇ ಸಾಲಿಗೆ. ನಾಲ್ಕು ಜನ ಒಂದೇ ಟಿವಿಯಲ್ಲಿ ಗುಂಡು ಹಾರಿಸೋದು ಆವತ್ತಿಗೆ ಹಬ್ಬ. 2023ರಲ್ಲಿ ಮತ್ತೆ ಬಿಡುಗಡೆಯಾಯಿತು. ಆದರೆ ಹಳೇ ಡಬ್ಬದಲ್ಲಿ ಸ್ಫೋಟ ಹೆಚ್ಚಾದರೆ ಆಟ ಎತ್ತಿನಗಾಡಿ. ಒಂದೇ ಕಡ್ಡಿಯಲ್ಲಿ ನಡೆಯೋದು, ತಿರುಗೋದು, ಎರಡು ಕಡ್ಡಿಗೆ ಒಗ್ಗಿದ ಇಂದಿನ ಬೆರಳು ತೊಡರುತ್ತೆ. ಮಾರಿಯೋಗಿಂತ ಹನ್ನೆರಡು ವರ್ಷ ಚಿಕ್ಕವ, ಮುದುಕನಾದದ್ದು ಮಾತ್ರ ಮೊದಲು!

ಇನ್ನು ‘ಟೆಟ್ರಿಸ್’ ಇದೆಯಲ್ಲ, ನಿಂಟೆಂಡೊ 1989ರಲ್ಲಿ ತಂದ ಇಟ್ಟಿಗೆ ಆಟ. ಅದಕ್ಕೆ ಕೊನೆಯೇ ಇಲ್ಲ ಅಂತ ಜನ ತಿಳಿದಿದ್ದರು. 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ ಆಡುತ್ತಾ ಆಡುತ್ತಾ 157ನೇ ಘಟ್ಟ ಮುಟ್ಟಿದ. ಆಟವೇ ಸ್ತಬ್ಧವಾಗಿ ನಿಂತಿತು! ಈಗಿನ ಚಾಂಪಿಯನ್ನರು ರಿಮೋಟಿನ ಬೆನ್ನಿಗೆ ತಬಲಾ ಬಾರಿಸಿದ ಹಾಗೆ ಬೆರಳು ಬಡಿದು ಆಡ್ತಾರೆ. ಆ ಆಟ ಬಂದಾಗ ಯಾರಿಗೂ ಗೊತ್ತಿರದ ಪಟ್ಟು ಅದು. ಅಪ್ಪನ ಕಾಲದ ಆಟದಲ್ಲಿ ಹೊಸ ಪಟ್ಟು ಹುಟ್ಟುತ್ತಿದೆ, ನಿಮ್ಮ ಗೆಳೆಯರು ನಗ್ತಾರಂತೆ...

ದುಡ್ಡಿನ ಮಾತಿಗೆ ಬರೋಣ. ನಿಮ್ಮ ಹತ್ತಿರ ಡಬ್ಬ ಇದೆ, ಟಿವಿ ಇದೆ, ಹಾಗಾಗಿ ಖರ್ಚು ಬೇಡ. ಇಲ್ಲದವರು ‘ಒರಿಜಿನಲ್’ ಅಂತ ಸಾವಿರಗಟ್ಟಲೆ ಕೇಳುವವನ ಮುಂದೆ, ಟಿವಿಗೆ ಸಿಕ್ಕಿಸಿ ಆಡಿ ತೋರಿಸು ಅನ್ನಿ. ‘ಹತ್ತು ಸಾವಿರ ಆಟ’ ಅಂತ ಮಾರುವ ಕಡ್ಡಿಗಳನ್ನು ಕಂಡರೆ 9999 ಇನ್ 1 ನೆನಪು ಮಾಡಿಕೊಳ್ಳಿ. ನಿಂಟೆಂಡೊದವರೇ 2016ರಲ್ಲಿ 30 ಆಟ ತುಂಬಿದ ಪುಟ್ಟ ಎನ್‌ಇಎಸ್ ತಂದಿದ್ದರು, ಹೊಸ ಟಿವಿಗೇ ಸೇರುವಂಥದ್ದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಬಹುದು. ಗನ್ ಮಾತ್ರ ಅದರಲ್ಲಿಲ್ಲ.

ಕ್ಯಾಸೆಟ್ ಓಡದಿದ್ದರೆ ಬಾಯಲ್ಲಿ ಊದೋ ಅಭ್ಯಾಸ ಬಿಡಿ. ಉಗುಳಿನ ತೇವಕ್ಕೆ ತಾಮ್ರದ ಹಲ್ಲು ಕಿಲುಬುತ್ತೆ. ಊದಿದಾಗ ಸರಿ ಹೋಗುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದಕ್ಕೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ, ಒಣಗಿಸಿ, ಹಾಕಿ. ಅಡಾಪ್ಟರ್ ಕಳೆದಿದ್ದರೆ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ, ವೋಲ್ಟೂ ಪ್ಲಸ್ಸು ಮೈನಸ್ಸೂ ಡಬ್ಬದ ಬೆನ್ನಿನ ಮೇಲೆ ಬರೆದಂತೆಯೇ ಇರಬೇಕು. ಟ್ಯೂಬ್ ಟಿವಿಯ ಹಿಂಭಾಗ ಮಾತ್ರ ನೀವಾಗಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಭಾರೀ ಕರೆಂಟು ಕೂತಿರುತ್ತೆ, ಅದು ಮೆಕ್ಯಾನಿಕ್ಕಿನ ಕೆಲಸ.

ಎಲ್ಲ ಸರಿ ಹೋದ ಮೇಲೆ ‘ಕಾಂಟ್ರಾ’ ಹಾಕಿ. ಎನ್‌ಇಎಸ್‌ಗೆ ಅದು ಬಂದದ್ದು 1988ರಲ್ಲಿ. ಸಿನಿಮಾ ಮಂದಿಗೆ ಹೇಳಿ ಮಾಡಿಸಿದ ಆಟ! ಅದರ ಪೋಸ್ಟರಿನಲ್ಲಿ ಗನ್ ಹಿಡಿದವನ ಭಂಗಿ ‘ಪ್ರಿಡೇಟರ್’ ಚಿತ್ರದ ಆರ್ನಾಲ್ಡನದೇ. ನಾಯಕರ ಹೆಸರು ಬಿಲ್ ರೈಝರ್, ಲ್ಯಾನ್ಸ್ ಬೀನ್. ‘ಏಲಿಯನ್ಸ್’ ಚಿತ್ರದ ನಟರಾದ ಬಿಲ್ ಪ್ಯಾಕ್ಸ್ಟನ್, ಪಾಲ್ ರೈಸರ್, ಲ್ಯಾನ್ಸ್ ಹೆನ್ರಿಕ್ಸನ್, ಮೈಕೆಲ್ ಬೀನ್, ಇವರ ಹೆಸರುಗಳನ್ನೇ ಕತ್ತರಿಸಿ ಅಂಟಿಸಿದ್ದು. ಹೆಸರು ತೋರಿಸುವ ಮೊದಲ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ, ಇಬ್ಬರಾದರೆ ಸೆಲೆಕ್ಟ್, ಆಮೇಲೆ ಸ್ಟಾರ್ಟ್. ತಲಾ 30 ಪ್ರಾಣ! ಗುಂಡು ಜಾಸ್ತಿಯಾದಾಗ ಚಿತ್ರ ಮಿಣಮಿಣ ಅಂದರೆ ಹೆದರಬೇಡಿ. ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ತುಣುಕು ತೋರಿಸೋಕೆ ಆ ಬಡ ಡಬ್ಬಕ್ಕೆ ಆಗೋದಿಲ್ಲ, ಸರದಿಯ ಮೇಲೆ ತೋರಿಸುತ್ತೆ.

ಎರಡನೇ ರಿಮೋಟನ್ನು ನಕ್ಕ ಗೆಳೆಯನ ಕೈಗೇ ಕೊಡಿ. ಮೂರನೇ ಘಟ್ಟದ ಜಲಪಾತದಲ್ಲಿ ಮಾತ್ರ ಅವಸರ ಮಾಡಿ ಮೇಲಕ್ಕೆ ಹಾರಬೇಡಿ. ಪರದೆ ಮೇಲೆ ಸರಿದರೆ ಕೆಳಗುಳಿದವನು ಸತ್ತ. ಆಮೇಲೆ ಆ ಜಗಳದ ಕಾಗದವೂ ನನಗೇ ಬರುತ್ತೆ.