ಕೊಟ್ಟೂರು ರಥೋತ್ಸವ: ವೈದ್ಯಕೀಯ ವಿದ್ಯಾರ್ಥಿಗಳಿಗೆ ವಿಪತ್ತು ನಿರ್ವಹಣೆಯ ಶಿಕ್ಷಣ

ವಿಪತ್ತು ಎಂದೊಡನೆ ಭೂಕಂಪ, ಪ್ರವಾಹಗಳು ನೆನಪಿಗೆ ಬರುವುದು ಸಹಜ. ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಮಾತ್ರ ಅದರ ಸಂಭವದ ದಿನಗಳು ಪಂಚಾಂಗದಲ್ಲಿಯೇ ಗುರುತಾಗಿರುತ್ತವೆ. ಭರತ ಹುಣ್ಣಿಮೆಯ ವೇಳೆಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ, ಮಾಘ ಬಹುಳದಲ್ಲಿ ಕೊಟ್ಟೂರು ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವ, ಶಿವರಾತ್ರಿಯ ಆಸುಪಾಸಿನಲ್ಲಿ ಕುರುವತ್ತಿಯ ಬಸವೇಶ್ವರ ಜಾತ್ರೆ: ಕೆಲವೇ ವಾರಗಳ ಅವಧಿಯಲ್ಲಿ ಅಪಾರ ಜನಸ್ತೋಮವು ಸಣ್ಣ ಊರುಗಳಲ್ಲಿ ನೆರೆಯುತ್ತದೆ. ಕೊಟ್ಟೂರಿಗೆ ದಾವಣಗೆರೆಯ ಕಡೆಯಿಂದ ಪಾದಯಾತ್ರಿಗಳು ರಾತ್ರಿ ವೇಳೆಯಲ್ಲಿಯೂ ಹೆದ್ದಾರಿಯ ಬದಿಯಲ್ಲಿ ನಡೆದು ಬರುತ್ತಾರೆ.

2017ರ ಫೆಬ್ರವರಿ 21ರಂದು ಇದೇ ರಥೋತ್ಸವದಲ್ಲಿ ಸುಮಾರು 60 ಅಡಿ ಎತ್ತರದ ತೇರು ಅಚ್ಚು ಮುರಿದು ಉರುಳಿಬಿದ್ದಿತು. ಹಲವರು ಗಾಯಗೊಂಡರು. ನೆರೆದಿದ್ದ ಜನರ ಸಂಖ್ಯೆಗೆ ಹೋಲಿಸಿದಲ್ಲಿ ಹಾನಿ ಸೀಮಿತವಾಗಿತ್ತು. ಆದರೆ ಅದನ್ನು ಸಿದ್ಧತೆಯ ಅಳತೆಗೋಲಾಗಿ ಪರಿಗಣಿಸಲಾಗದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಉಂಟಾದ ನೂಕುನುಗ್ಗಲಿನಲ್ಲಿ 11 ಜನರು ಮೃತಪಟ್ಟರು. ಅಲ್ಲಿ ಯಾವ ತೇರೂ ಬೀಳಲಿಲ್ಲ, ಜನಸಂದಣಿಯೇ ಸಾಕಾಯಿತು.

ಇಂತಹ ಸಂದರ್ಭದಲ್ಲಿ ಗಾಯಾಳುಗಳನ್ನು ಮೊದಲು ಬರಮಾಡಿಕೊಳ್ಳುವವರು ಬಹುತೇಕ ಹೊಸದಾಗಿ ಪದವಿ ಪಡೆದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ತಾಲ್ಲೂಕು ಆಸ್ಪತ್ರೆಯಲ್ಲಿಯೋ ಸೇವೆಗೆ ಸೇರಿದ ವೈದ್ಯರು. ಇವರಿಗೆ ದೊರೆತಿರುವ ತರಬೇತಿ ಎಷ್ಟು ಎಂಬುದೇ ಇಲ್ಲಿನ ಪ್ರಶ್ನೆ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಸಮುದಾಯ ವೈದ್ಯಶಾಸ್ತ್ರದ ಅಡಿಯಲ್ಲಿ ವಿಪತ್ತು ನಿರ್ವಹಣೆಯನ್ನು ಸೇರಿಸಲಾಯಿತು. ಅದರಲ್ಲಿ ವಿದ್ಯಾರ್ಥಿಯು ವಿಪತ್ತು ನಿರ್ವಹಣೆಯ ಪರಿಕಲ್ಪನೆಯನ್ನು, ಅದರ ಹಂತಗಳನ್ನು, ಮಾನವನಿರ್ಮಿತ ವಿಪತ್ತುಗಳನ್ನು ಹಾಗೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸ್ವರೂಪವನ್ನು ವಿವರಿಸಬೇಕೆಂದು ನಿಗದಿಪಡಿಸಲಾಗಿತ್ತು. ಎಲ್ಲವೂ ವಿವರಿಸುವ ಕೆಲಸ. ಕೈಯಿಂದ ಮಾಡಿ ತೋರಿಸುವ ಕೆಲಸ ಒಂದೂ ಇರಲಿಲ್ಲ. ಕೋವಿಡ್ ಹಿನ್ನೆಲೆಯಲ್ಲಿ 2020ರಲ್ಲಿ ಸಾಂಕ್ರಾಮಿಕ ನಿರ್ವಹಣೆಗೆಂದು 80 ಗಂಟೆಗಳ ಪ್ರತ್ಯೇಕ ಪಾಠಕ್ರಮವನ್ನು ರೂಪಿಸಲಾಯಿತು. 2021ರ ಇಂಟರ್ನ್‌ಶಿಪ್ ನಿಯಮಗಳು ತುರ್ತು ಚಿಕಿತ್ಸಾ ವಿಭಾಗಕ್ಕೆ 2 ವಾರಗಳನ್ನು ನೀಡಿವೆ. ಇವು ಸ್ವಾಗತಾರ್ಹವಾದರೂ ಏಕಕಾಲಕ್ಕೆ ನಲವತ್ತು ಗಾಯಾಳುಗಳು ಬಂದಾಗ ಏನು ಮಾಡಬೇಕೆಂಬುದನ್ನು ರೂಢಿಸಲು ಸಾಲುವಂತಹವಲ್ಲ.

ಏಕೆಂದರೆ ಸಾಮೂಹಿಕ ಅವಘಡದಲ್ಲಿ ವೈದ್ಯನು ತನ್ನ ನಿತ್ಯದ ಅಭ್ಯಾಸವನ್ನೇ ತಿರುವು ಮಾಡಬೇಕಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಅತ್ಯಂತ ಗಂಭೀರವಾದ ರೋಗಿಗೆ ಸರ್ವ ಪ್ರಯತ್ನವೂ ಮೀಸಲು. ವಿಪತ್ತಿನಲ್ಲಿ ಇರುವ ಅಲ್ಪ ಸಾಧನಗಳಿಂದ ಹೆಚ್ಚು ಜನರನ್ನು ಉಳಿಸಬೇಕು. ಇದಕ್ಕಾಗಿ ಟ್ರಯಾಜ್ ಎಂಬ ವಿಂಗಡಣಾ ವಿಧಾನವಿದೆ. ನಡೆಯಬಲ್ಲವರನ್ನು ಮೊದಲು ಒಂದೆಡೆಗೆ ಕಳುಹಿಸಿ ಹಸಿರು ಪಟ್ಟಿ ಕಟ್ಟಲಾಗುತ್ತದೆ. ಉಳಿದವರಲ್ಲಿ ಉಸಿರಾಟ ನಿಮಿಷಕ್ಕೆ 30ನ್ನು ಮೀರಿದೆಯೇ, ಮಣಿಕಟ್ಟಿನ ನಾಡಿ ಸಿಗುತ್ತಿದೆಯೇ, ಹೇಳಿದ ಮಾತನ್ನು ಪಾಲಿಸಬಲ್ಲರೇ ಎಂದು ನೋಡಿ ಕೆಂಪು ಅಥವಾ ಹಳದಿ ಪಟ್ಟಿ ನೀಡಲಾಗುತ್ತದೆ. ಶ್ವಾಸನಾಳವನ್ನು ತೆರವುಗೊಳಿಸಿದ ನಂತರವೂ ಉಸಿರಾಡದವರಿಗೆ ಕಪ್ಪು ಪಟ್ಟಿ. ಒಬ್ಬೊಬ್ಬರಿಗೆ ದೊರೆಯುವ ಸಮಯ ಒಂದು ನಿಮಿಷಕ್ಕೂ ಕಡಿಮೆ. ಓದುವಾಗ ಸುಲಭವೆನಿಸುವ ಈ ಕ್ರಮವು, ಕಪ್ಪು ಪಟ್ಟಿ ಕಟ್ಟಿದವರ ಮಗ ಪಕ್ಕದಲ್ಲಿ ನಿಂತು ಗೋಗರೆಯುವಾಗ ಸುಲಭವಾಗಿರುವುದಿಲ್ಲ. ಮೊದಲೇ ಅಭ್ಯಾಸವಿಲ್ಲದ ಕೈ ಅಲ್ಲಿಯೇ ನಿಂತುಬಿಡುತ್ತದೆ, ಅಷ್ಟರಲ್ಲಿ ಉಳಿಯಬಹುದಾಗಿದ್ದ ಇನ್ನೊಬ್ಬರು ರಕ್ತಸ್ರಾವದಿಂದ ತೀರಿಕೊಳ್ಳುತ್ತಾರೆ. ಅಲ್ಲದೆ ಸಣ್ಣಪುಟ್ಟ ಗಾಯವಾದವರು ಆಟೋ, ದ್ವಿಚಕ್ರ ವಾಹನಗಳಲ್ಲಿ ಮೊದಲೇ ಸಮೀಪದ ಆಸ್ಪತ್ರೆಗೆ ತಲುಪಿ ಹಾಸಿಗೆಗಳನ್ನು ತುಂಬುತ್ತಾರೆ. ತೀವ್ರ ಗಾಯಾಳುಗಳು ಆಂಬುಲೆನ್ಸ್‌ನಲ್ಲಿ ನಂತರ ಬರುತ್ತಾರೆ ಎಂಬುದು ವಿಪತ್ತು ವೈದ್ಯಕೀಯದಲ್ಲಿ ಪದೇ ಪದೇ ಕಂಡುಬಂದಿರುವ ಸಂಗತಿ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಾಮೂಹಿಕ ಗಾಯಾಳುಗಳ ನಿರ್ವಹಣೆಗೆ 2007ರಲ್ಲಿಯೂ, ಜನಸಂದಣಿ ನಿರ್ವಹಣೆಗೆ 2014ರಲ್ಲಿಯೂ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅವುಗಳನ್ನು ತರಗತಿಯಲ್ಲಿ ಓದಿಸುವುದಕ್ಕಿಂತ, ಜಾತ್ರೆಗೆ ಮುನ್ನ ವಿದ್ಯಾರ್ಥಿಗಳನ್ನು ತೇರುಬೀದಿಗೆ ಕರೆದೊಯ್ದು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ಜನ ತುಂಬಿದ ಮೇಲೆ ಯಾವ ದಾರಿ ತೆರೆದಿರುತ್ತದೆ, ರಕ್ತ ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಿಸುವುದು ಹೆಚ್ಚು ಫಲಪ್ರದ. ಸಹಪಾಠಿಗಳೇ ಗಾಯಾಳುಗಳಾಗಿ ನಟಿಸುವ ಅಣಕು ಪ್ರದರ್ಶನಕ್ಕೆ ಬಣ್ಣದ ಪಟ್ಟಿಗಳು ಮತ್ತು ಒಂದು ಮೈದಾನವಿದ್ದರೆ ಸಾಕು. ರಥೋತ್ಸವದ ದಿನ ಮಾತ್ರ ಅವರು ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಇರತಕ್ಕದ್ದು. ನಿಜವಾದ ಗಾಯಾಳು ಕಲಿಕೆಯ ಸಾಮಗ್ರಿಯಲ್ಲ.

ಇಲ್ಲಿ ಗಡಿಯ ತೊಡಕೂ ಇದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆ ಬದಲಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ಕೊಟ್ಟೂರು, ಹರಪನಹಳ್ಳಿಗಳಿಂದ ದಾವಣಗೆರೆಗೆ ಹೋಗುವವರು ಇಂದಿಗೂ ಇದ್ದಾರೆ. 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜು ಹಾಗೂ 1965ರಲ್ಲಿ ಆರಂಭವಾದ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ವಿಶ್ವವಿದ್ಯಾಲಯಕ್ಕೆ ಜಿಲ್ಲೆಯ ಗಡಿ ಅಡ್ಡಬರುವುದಿಲ್ಲವಾದ ಕಾರಣ, ಈ ಎರಡೂ ಕಾಲೇಜುಗಳ ಇಂಟರ್ನ್‌ಗಳು ಕೊಟ್ಟೂರಿನಲ್ಲಿ ಜಂಟಿಯಾಗಿ ಅಣಕು ಕಾರ್ಯಾಚರಣೆ ನಡೆಸಿ, ಯಾವ ಗಾಯಾಳುವನ್ನು ಯಾವ ದಿಕ್ಕಿಗೆ ಕಳುಹಿಸಬೇಕೆಂಬುದನ್ನು ತೇರು ಹೊರಡುವ ಮೊದಲೇ ನಿರ್ಧರಿಸಿಕೊಳ್ಳಲು ಅವಕಾಶವಿರುತ್ತದೆ.